ತಟ್ಟೆಯ ಎಡಭಾಗ

ನಮ್ಮ ಕಡೆ ಬಡಿಸುವಾಗ ಉಪ್ಪು, ಉಪ್ಪಿನಕಾಯಿ, ಚಟ್ನಿ, ಕೋಸಂಬರಿ ಎಲ್ಲ ಎಡಕ್ಕೆ, ಪಲ್ಯ ಬಲಕ್ಕೆ. ಇದನ್ನು ಯಾರೂ ನನಗೆ ಕೂರಿಸಿ ಹೇಳಿಕೊಟ್ಟದ್ದಲ್ಲ, ಕೈಗೆ ತಾನಾಗಿ ಬಂದಿತ್ತು. ಅಕ್ಕ ಆಸ್ಪತ್ರೆಯಿಂದ ಲಂಡನ್ನಿನ ಅಂಚಿನ ಪಿನ್ನರ್‌ನ ತನ್ನ ಮನೆಗೆ ವಾಪಸು ಬಂದ ಹೊಸತರಲ್ಲಿ ಪ್ರತಿ ಊಟಕ್ಕೂ ಈ ಕೈಯಿಂದಲೇ ಜಗಳವಾಯಿತು.

"ಏನಲೇ, ಉಪ್ಪಿನಕಾಯಿ ಇಡ್ಲಿಕ್ಕೆ ಕೈ ಬರೂದಿಲ್ಲೇನು ನಿನಗ?"

"ಇಟ್ಟೀನಿ ನೋಡಕ್ಕಾ. ಅಲ್ಲೇ ಅದ."

"ಎಲ್ಲದ? ಲಂಡನ್ನಿನಾಗ ಇದ್ದು ಇದ್ದು ಜುಗ್ಗ ಆಗೀ ನೀ."

ಅವಳು ನನ್ನನ್ನು ಕೆಣಕುತ್ತಿದ್ದಾಳೆ ಅಂದುಕೊಂಡೆ. ಅದು ಅವಳ ಹಳೆಯ ಹವ್ಯಾಸ. ಒಂದು ದಿನ ಚಮಚ ತೆಗೆದುಕೊಳ್ಳಲು ಹೋಗಿ ನನ್ನ ಕೈ ತಾಗಿ ತಟ್ಟೆ ತಿರುಗಿತು. ಎಡಕ್ಕಿದ್ದದ್ದು ಬಲಕ್ಕೆ ಬಂತು. "ಹಾಂ, ಈಗ ಇಟ್ಟಿ ನೋಡು," ಅಂದಳು ಅಕ್ಕ, ಗೆದ್ದವಳ ಹಾಗೆ. ನಾನು ತಟ್ಟೆಯನ್ನು ಮತ್ತೆ ಹಿಂದಕ್ಕೆ ತಿರುಗಿಸಿದೆ. ಉಪ್ಪಿನಕಾಯಿ ಅವಳ ಪಾಲಿಗೆ ಮತ್ತೆ ಮಾಯವಾಯಿತು.

ಮಿದುಳಿನ ಬಲಭಾಗಕ್ಕೆ ಸ್ಟ್ರೋಕ್ ಆದವರಲ್ಲಿ ಹೀಗಾಗುತ್ತದೆ. ಕಣ್ಣು ಸರಿಯಾಗಿಯೇ ಇರುತ್ತದೆ, ಆದರೆ ಪ್ರಪಂಚದ ಎಡಭಾಗ ಅವರ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಬಿಟ್ಟುಹೋಗಿದೆ ಎನ್ನುವುದೂ ಅವರಿಗೆ ತಿಳಿಯುವುದಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಇದನ್ನು ನನಗೆ ವಿವರಿಸಿದ್ದರು, ನಾನು ತಲೆಯಾಡಿಸಿದ್ದೆ. ಅಥವಾ ವಿವರಿಸಿರಲೇ ಇಲ್ಲವೋ, ಮುಂದೆ ಎಲ್ಲೋ ಓದಿದ್ದನ್ನು ಆ ಡಾಕ್ಟರ ಬಾಯಿಗೆ ನಾನೇ ಹಾಕಿದ್ದೇನೋ. ನನ್ನ ನೆನಪಿನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ತರ್ಕಶಾಸ್ತ್ರ ಓದಿದ್ದರಿಂದ ಬಂದ ರೋಗ ಇದು ಅಂತ ಅಕ್ಕ ಹೇಳುತ್ತಾಳೆ. ಹಾಗಾಗಿ ಇಲ್ಲಿ ಅನುಮಾನ ಇರುವ ಕಡೆ ಅನುಮಾನವೆಂದೇ ಬರೆಯುತ್ತೇನೆ. ಸಿಟ್ಟಿನ ವಿಷಯದಲ್ಲಿ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ.

ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ, ಇಲ್ಲಿನ ಸರಕಾರಿ ಆಸ್ಪತ್ರೆಗಳಲ್ಲಿ ವಯಸ್ಸಾದವರ ವಾರ್ಡುಗಳಲ್ಲೇ ಜೀವನ ಕಳೆದವಳು. ಮದುವೆ ಆಗಲಿಲ್ಲ. ಧಾರವಾಡದಲ್ಲಿ ಎಂ.ಎ. ಮುಗಿಸಿ ಏನು ಮಾಡುವುದೆಂದು ತಿಳಿಯದೆ ತಿರುಗುತ್ತಿದ್ದ ನನ್ನನ್ನು ಇಲ್ಲಿಗೆ ಕರೆಸಿಕೊಂಡು, ಫೀ ಕಟ್ಟಿ ಸಂಶೋಧನೆಗೆ ಹಚ್ಚಿದವಳೂ ಅವಳೇ. ಆ ಸಂಶೋಧನೆ ಮುಗಿಯಲಿಲ್ಲ. ನಾನು ಸ್ಟ್ರಾಟ್‌ಫರ್ಡ್‌ನಲ್ಲಿ ಒಂದು ಪುಟ್ಟ ಫ್ಲ್ಯಾಟ್ ಹಿಡಿದು, ಎರಡು ಮೂರು ಕಾಲೇಜುಗಳಲ್ಲಿ ಗಂಟೆ ಲೆಕ್ಕಕ್ಕೆ ಸಂಜೆ ಪಾಠ ಮಾಡಿಕೊಂಡಿದ್ದೆ. ಅಕ್ಕನಿಗೆ ಹೀಗಾದ ಮೇಲೆ ಫ್ಲ್ಯಾಟ್ ಬಿಟ್ಟು, ಪಾಠ ಬಿಟ್ಟು ಅವಳ ಮನೆಯ ಮಹಡಿಯ ಕೋಣೆಗೆ ಬಂದೆ. ಯಾರೂ ಒತ್ತಾಯ ಮಾಡಲಿಲ್ಲ. ಇದನ್ನು ತ್ಯಾಗ ಅಂತ ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ. ತ್ಯಾಗ ಅಂದುಬಿಟ್ಟರೆ ಅದಕ್ಕೆ ಯಾರೂ ಏನೂ ಕೊಡಬೇಕಾಗಿಲ್ಲವಲ್ಲ.

ದಿನಾ ಬೆಳಿಗ್ಗೆ ಕೌನ್ಸಿಲ್, ಅಂದರೆ ಇಲ್ಲಿನ ನಗರಸಭೆಯ ಕಡೆಯಿಂದ ಒಬ್ಬ ಹೆಂಗಸು ಬಂದು ಅಕ್ಕನಿಗೆ ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ ಹೋಗುತ್ತಾಳೆ. ಆಮೇಲೆ ನಾನು. ನಾನು ಏನು ಮಾಡುತ್ತೇನೆ? ಅವಳನ್ನು ಎತ್ತುವುದಿಲ್ಲ, ಹೊರುವುದಿಲ್ಲ. ಅವಳು ನಡೆಯುತ್ತಾಳೆ, ಮಾತಾಡುತ್ತಾಳೆ, ನನ್ನ ಇಂಗ್ಲಿಷ್ ತಿದ್ದುತ್ತಾಳೆ. ನಾನು ಅವಳ ಎಡಕ್ಕೆ ಇರುತ್ತೇನೆ, ಅಷ್ಟೇ. ಬೀದಿ ದಾಟುವಾಗ ಎಡಗಡೆಯಿಂದ ಬರುವ ಕಾರು ಅವಳಿಗೆ ಇಲ್ಲ. ಬಾಗಿಲಿನ ಎಡ ಚೌಕಟ್ಟು ಇಲ್ಲ. ಒಲೆಯ ಎಡಗಡೆಯ ಉರಿ ಇಲ್ಲ; ಅದರ ಮೇಲೆ ತೋಳಿಟ್ಟು, ಸೀರೆ ಸುಟ್ಟ ವಾಸನೆ ಬಂದಾಗ, "ಪಕ್ಕದ ಮನಿಯಾಗ ಏನೋ ಸುಡ್ಲಿಕ್ಕತ್ತದ," ಅಂದಿದ್ದಳು. ಅಂದಿನಿಂದ ಅಡುಗೆಮನೆಗೆ ಅವಳೊಬ್ಬಳನ್ನೇ ಬಿಡುವುದಿಲ್ಲ. ತಟ್ಟೆ ತಿರುಗಿಸುತ್ತೇನೆ. ಸೋಫಾದಲ್ಲಿ ಕೂತರೆ ಅವಳ ಎಡಗೈ ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡುತ್ತೇನೆ. ಬಂದವರನ್ನು ಅವಳ ಬಲಕ್ಕೇ ಕೂರಿಸುತ್ತೇನೆ. ಇದೆಲ್ಲ ಎಷ್ಟು ರೂಢಿಯಾಗಿತ್ತೆಂದರೆ, ಅಕ್ಕನಿಗೆ ಏನೂ ಆಗಿಲ್ಲ ಅಂತ ಅಕ್ಕನೂ ನಂಬಿದ್ದಳು, ಬಂದವರೂ ನಂಬುತ್ತಿದ್ದರು.

ಇಷ್ಟಕ್ಕೆ ಸರಕಾರ ನನಗೆ ಒಂದು ಭತ್ಯೆ ಕೊಡುತ್ತಿತ್ತು. ಮನೆಯವರನ್ನು ನೋಡಿಕೊಳ್ಳುವ, ಸಂಬಳವಿಲ್ಲದ ಜನರಿಗೆ ಕೊಡುವಂಥದ್ದು. ಒಂದು ದಿನ ಪತ್ರ ಬಂತು: ಈ ಹಳೆಯ ಭತ್ಯೆ ನಿಲ್ಲುತ್ತದೆ, ಎಲ್ಲರೂ ಹೊಸ ಭತ್ಯೆಗೆ 'ಸಾಗಬೇಕು', ಇಂಥ ತಾರೀಖಿನೊಳಗೆ. ಸಾಗುವುದು ಅಂದರೆ ನನ್ನ ಫೈಲನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಅವರೇ ಒಯ್ಯುತ್ತಾರೆ ಅಂದುಕೊಂಡೆ. ಯಾರೂ ಏನೂ ಒಯ್ಯುವುದಿಲ್ಲ. ಹಳೆಯದನ್ನು ಕತ್ತರಿಸುತ್ತಾರೆ. ನೀವು ಹೊಸ ಬಾಗಿಲಿಗೆ ಹೋಗಿ, ಯಾರೋ ಅಪರಿಚಿತನ ಹಾಗೆ, ಮೊದಲಿನಿಂದ ಎಲ್ಲ ಹೇಳಬೇಕು. ವರ್ಷಗಟ್ಟಲೆ ನನ್ನ ಹೆಸರಿಗೆ ಹಣ ಹಾಕಿದ ಅದೇ ಸರಕಾರ ನಾನು ಯಾರು ಅಂತ ಕೇಳುತ್ತದೆ. ಅದಕ್ಕೆ ಮರೆವಿನ ಕಾಯಿಲೆ ಅಂತ ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ಮೊದಲ ಹಣ ಕೈಗೆ ಬರಲು ಒಂದು ತಿಂಗಳ ಮೇಲಾಗುತ್ತದಂತೆ. ಅಲ್ಲಿಯವರೆಗೆ ಬೇಕಾದರೆ ಮುಂಗಡ ಕೊಡುತ್ತಾರಂತೆ, ಆಮೇಲೆ ಮುರಿದುಕೊಳ್ಳುತ್ತಾರಂತೆ.

ಆ ಸಮಯದಲ್ಲಿ ಅಕ್ಕನ ಹಳೆಯ ಸಹೋದ್ಯೋಗಿ ಒಬ್ಬರು ಭಾನುವಾರ ಭಾನುವಾರ ಬರುತ್ತಿದ್ದರು. ಮೈಸೂರಿನವರು, ಅವರೂ ನಿವೃತ್ತ ಡಾಕ್ಟರು, ಒಳ್ಳೆಯ ಮನಸ್ಸಿನವರು. ಮೇಜಿನ ಮೇಲಿದ್ದ ಪತ್ರ ನೋಡಿ ಧ್ವನಿ ತಗ್ಗಿಸಿದರು.

"ನೀವು ಪಿಎಚ್.ಡಿ. ಮಾಡಕ್ಕೆ ಬಂದವರಲ್ವಾ? ಬೆನಿಫಿಟ್ ತಗೋತಿದೀರಾ?"

"ಹೌದು ಮೇಡಂ."

"ಅಯ್ಯೋ, ನಮ್ಮೋರಲ್ಲಿ ಯಾರಿಗೂ ಹೇಳ್ಬೇಡಿ. ಸ್ವಂತ ಅಕ್ಕನ್ನ ನೋಡ್ಕೊಳ್ಳಕ್ಕೂ ದುಡ್ಡಾ ಅಂತಾರೆ."

"ನೀವು ರೋಗಿಗಳನ್ನ ನೋಡಕ್ಕೆ ಸಂಬಳ ತಗೊಳ್ಳಲಿಲ್ಲವಾ?"

ಅವರು ನಕ್ಕರು. ನಾನು ನಗಲಿಲ್ಲ. ಅಕ್ಕ ತನ್ನ ಬಲಕ್ಕೆ ಕೂತಿದ್ದ ಅವರ ಕಡೆ ವಾಲಿ, "ಅವ ಹಂಗಽ. ಸಣ್ಣಾವಿದ್ದಾಗಿಂದ ವಕೀಲ್ಕಿ. ನೀ ಕಾಫಿ ಕುಡಿ," ಅಂದಳು.

ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಿದೆ. ಹೊಸ ಭತ್ಯೆಯಲ್ಲಿ ನನ್ನಂಥವರಿಗೆ ಒಂದು ಪ್ರತ್ಯೇಕ ಭಾಗ ಇದೆ. ವಾರಕ್ಕೆ ಮೂವತ್ತೈದು ಗಂಟೆ ಅಥವಾ ಅದಕ್ಕಿಂತ ಹೆಚ್ಚು ನೋಡಿಕೊಳ್ಳುತ್ತೀರಿ ಎನ್ನುವುದು ಖಚಿತವಾದರೆ ಅದು ಸಿಗುತ್ತದೆ, ಕೆಲಸ ಹುಡುಕು ಅಂತ ಯಾರೂ ಹೇಳುವುದಿಲ್ಲ. ಖಚಿತವಾಗುವವರೆಗೆ ನೀವು ಕೆಲಸವಿಲ್ಲದ ಮನುಷ್ಯ. ನನ್ನದು ಖಚಿತವಾಗಿಲ್ಲ ಅಂತ ತೋರಿಸುತ್ತಿತ್ತು. ಅಕ್ಕನ ಕಾಯಿಲೆಯ ದಾಖಲೆಗಳನ್ನೆಲ್ಲ ಕಳಿಸಿದ್ದೆ. ಅವಳ ಕಾಯಿಲೆಗೆ ಬೇಕಾದಷ್ಟು ದಾಖಲೆ ಇದೆ. ನಾನು ಅವಳ ಎಡಕ್ಕೆ ನಿಂತಿದ್ದೇನೆ ಎನ್ನುವುದಕ್ಕೆ ಯಾವ ಆಸ್ಪತ್ರೆ ದಾಖಲೆ ಕೊಡುತ್ತದೆ? ನೇರ ಬಂದು ಮಾತಾಡಿ ಅಂತ ಕರೆದರು. ಅಲ್ಲಿ ನನ್ನನ್ನು ಕೆಲಸ ಹುಡುಕುವವರ ಪಟ್ಟಿಗೆ ಸೇರಿಸಿದರೆ ನಾನು ದಿನಾ ಮನೆ ಬಿಟ್ಟು ಹೊರಡಬೇಕು. ಹೊರಡದಿದ್ದರೆ ಹಣ ನಿಲ್ಲುತ್ತದೆ. ಹೊರಟರೆ ಒಲೆ ಇದೆ, ಬೀದಿ ಇದೆ, ಅಕ್ಕ ಇದ್ದಾಳೆ.

ಭೇಟಿಯ ದಿನ ಅವಳನ್ನು ಬಿಟ್ಟುಹೋಗಲು ಯಾರೂ ಇರಲಿಲ್ಲ. ಮೈಸೂರಿನ ಮೇಡಂ ಮಗಳ ಮನೆಗೆ ಹೋಗಿದ್ದರು. ಅಕ್ಕನನ್ನೇ ಕರೆದುಕೊಂಡು ಹೊರಟೆ. ರೇಷ್ಮೆ ಅಂಚಿನ ಸೀರೆ ಉಟ್ಟಿದ್ದಳು, ಮೇಲೆ ಕೋಟು. ಬಸ್ಸಿನಲ್ಲಿ ಅವಳ ಎಡಕ್ಕೆ ಕೂತೆ.

"ಎಲ್ಲಿಗೆ ಹೊಂಟೇವಿ?"

"ಆಫೀಸಿಗೆ. ನನ್ನ ಭತ್ಯೆ ವಿಷಯ."

"ನಾ ಮಾತಾಡ್ತೀನಿ ಬಿಡು. ನಿನಗ ಆಫೀಸಿನ ಮಂದಿ ಕೂಡ ಮಾತಾಡ್ಲಿಕ್ಕೆ ಬರೂದಿಲ್ಲ."

ಕಚೇರಿಯಲ್ಲಿ ನಮ್ಮನ್ನು ನೋಡಿದವಳು ಒಬ್ಬ ತರುಣಿ. ಅವಳ ಮೇಲೆ ನನಗೆ ಸಿಟ್ಟಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಣ್ಣ ಕೆಳಗೆ ಕಪ್ಪಾಗಿತ್ತು, ಪಾಪ. ಮೇಜಿನ ಮುಂದಿನ ಕುರ್ಚಿಗಳನ್ನು ನಾನು ಸ್ವಲ್ಪ ಸರಿಸಿದೆ, ಆ ಹುಡುಗಿ ಅಕ್ಕನ ಬಲಕ್ಕೆ ಬರುವ ಹಾಗೆ. ಯೋಚಿಸಿ ಮಾಡಿದ್ದಲ್ಲ. ಮನೆಗೆ ಬಂದ ನೆಂಟರಿಗೆ ಹೇಗೋ ಹಾಗೆ ಕೈ ತಾನೇ ಸರಿಸಿತು. ಮೂವತ್ತೈದು ಗಂಟೆಯ ಕೆಲಸ ಅಂದರೆ ಇದೇ, ಅದನ್ನು ಅಲ್ಲೇ ಅವಳ ಕಣ್ಣೆದುರು ಮಾಡಿದೆ. ಮಾಡಿದ್ದರಿಂದಲೇ ಅದು ಅವಳಿಗೆ ಕಾಣಲಿಲ್ಲ.

"ನಿಮ್ಮ ಅಕ್ಕ ಊಟ ತಾವೇ ಮಾಡುತ್ತಾರಾ?" ಹುಡುಗಿ ನನ್ನನ್ನು ಕೇಳಿದಳು.

"ಮಾಡುತ್ತಾಳೆ. ನಾನು ತಟ್ಟೆ ತಿರುಗಿಸುತ್ತೇನೆ."

"ತಟ್ಟೆ?"

ವಿವರಿಸಿದೆ. ಅವಳು ಟೈಪು ಮಾಡಿದಳು. ಪರದೆಯ ಮೇಲೆ ನಾನು ಓರೆಯಾಗಿ ಓದಿದ ಪ್ರಕಾರ, 'ಊಟ ಬಡಿಸಲು ಸಹಾಯ' ಅಂತಿತ್ತು. ಬಡಿಸಲು! ಹೋಟೆಲಿನ ಮಾಣಿಯೂ ಅದನ್ನೇ ಮಾಡುತ್ತಾನೆ. ಬೆಳಿಗ್ಗೆ ಒಬ್ಬರು ಬರುತ್ತಾರಲ್ಲ, ಹಾಗಿದ್ದರೆ ಉಳಿದ ಹೊತ್ತು ನೀವು ಏನು ಮಾಡುತ್ತೀರಿ, ಕಳೆದ ವಾರ ಏನೇನು ಮಾಡಿದಿರಿ ಅಂತ ಕೇಳಿದಳು. ನನಗೆ ನೆನಪಾಗಲಿಲ್ಲ. ನಿಜವಾಗಿಯೂ ನೆನಪಾಗಲಿಲ್ಲ. ಅಪಘಾತ ಆಗಿದ್ದರೆ ನೆನಪಿರುತ್ತಿತ್ತು. ಆಗದ ಹಾಗೆ ನೋಡಿಕೊಂಡದ್ದನ್ನು ಯಾರು ನೆನಪಿಡುತ್ತಾರೆ?

ಅಷ್ಟರಲ್ಲಿ ಅಕ್ಕ ಇಂಗ್ಲಿಷಿನಲ್ಲಿ ಶುರುಮಾಡಿದಳು. ಅವಳ ವಾರ್ಡಿನ ಇಂಗ್ಲಿಷು, ಮೆಲ್ಲಗೆ, ಎದುರಿದ್ದವರ ಭುಜದ ಮೇಲೆ ಕೈಯಿಟ್ಟ ಹಾಗೆ.

"ನಿದ್ದೆ ಸರಿಯಾಗಿ ಬರುತ್ತಿಲ್ಲ ಅಲ್ಲವಾ ಮಗು ನಿನಗೆ?"

ಹುಡುಗಿ ಬೆಚ್ಚಿದಳು. "ಹೇಗೆ ಗೊತ್ತಾಯಿತು?"

"ಇದೇ ನನ್ನ ಕೆಲಸ. ರಕ್ತ ಪರೀಕ್ಷೆ ಮಾಡಿಸಿದೆಯಾ? ನಿನ್ನ ಜಿಪಿ ಡಾಕ್ಟರ ಹತ್ತಿರ ಹೋಗಿ ಕಬ್ಬಿಣದ ಅಂಶ ನೋಡಿ ಅಂತ ಹೇಳು. ಹೆದರಬೇಡ."

ಆಮೇಲೆ ಇಬ್ಬರೂ ಒಂದಷ್ಟು ಹೊತ್ತು ಮಾತಾಡಿದರು. ನಾನು ಅಲ್ಲಿ ಇಲ್ಲದವನ ಹಾಗೆ ಕೂತಿದ್ದೆ. ನನ್ನ ಅಕ್ಕ ಎಂಥ ಡಾಕ್ಟರಾಗಿದ್ದಳು ಅಂತ ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ. ಅದಕ್ಕೆ ಹೆಮ್ಮೆಪಡುವಷ್ಟು ಬಿಡುವನ್ನೂ ನನಗೆ ಅಲ್ಲಿ ಕೊಡಲಿಲ್ಲ, ಏಕೆಂದರೆ ಹುಡುಗಿ ನನ್ನ ಕಡೆ ತಿರುಗಿ ಅಂದಳು: "ನಿಮ್ಮ ಅಕ್ಕ ತುಂಬ ಚುರುಕಾಗಿದ್ದಾರೆ. ಸದ್ಯಕ್ಕೆ ಸಂಜೆ ಹೊತ್ತಿನ ಕೆಲಸ ಯಾವುದಾದರೂ ಮಾಡಬಹುದಲ್ಲವಾ? ಕ್ಯಾನರಿ ವಾರ್ಫ್ ಕಡೆ ರಿಸೆಪ್ಶನ್ ಕೆಲಸಗಳಿವೆ. ನಿಮ್ಮ ಇಂಗ್ಲಿಷೂ ಚೆನ್ನಾಗಿದೆ."

ಪಿನ್ನರ್‌ನಿಂದ ಕ್ಯಾನರಿ ವಾರ್ಫ್‌ಗೆ. ಲಂಡನ್ನಿನ ಈ ತುದಿಯಿಂದ ಆ ತುದಿಗೆ, ಸಂಜೆ ಒಲೆ ಹಚ್ಚುವ ಹೊತ್ತಿಗೆ.

ನಾನು ಒಪ್ಪಬೇಕಾದ ಷರತ್ತುಗಳ ಪ್ರತಿ ಮೇಜಿನ ಮೇಲಿತ್ತು: ವಾರಕ್ಕೆ ಇಷ್ಟು ಹೊತ್ತು ಕೆಲಸ ಹುಡುಕುತ್ತೇನೆ ಅಂತ. ಇನ್ನೊಂದು ಹಾಳೆ ತರುತ್ತೇನೆಂದು ಹುಡುಗಿ ಎದ್ದಳು. ಪ್ರಿಂಟರ್ ನಮ್ಮ ಎಡಕ್ಕಿತ್ತು. ಅಲ್ಲಿಂದಲೇ ಅಕ್ಕನನ್ನು ಏನೋ ಕೇಳಿದಳು, ಎಷ್ಟು ವರ್ಷ ಕೆಲಸ ಮಾಡಿದಿರಿ ಅಂತಲೋ ಏನೋ. ಅಕ್ಕ ಬಲಕ್ಕೆ ತಿರುಗಿ ಖಾಲಿ ಕುರ್ಚಿಗೆ ಉತ್ತರ ಕೊಟ್ಟಳು. ಆಮೇಲೆ ಕನ್ನಡದಲ್ಲಿ ನನಗೆ, "ಎಲ್ಲಿ ಹೋದ್ಲೋ ಈ ಹುಡಿಗಿ? ಧ್ವನಿ ಬರ್ತದ, ಮಾರಿ ಇಲ್ಲ."

"ಇಲ್ಲೇ ಇದ್ದೇನೆ," ಅಂದಳು ಹುಡುಗಿ ಎಡಗಡೆಯಿಂದ.

ಅಕ್ಕ ಇನ್ನೂ ಬಲಕ್ಕೆ ತಿರುಗಿದಳು, ಗೋಡೆಯ ಕಡೆ. ನನ್ನ ಕೈ ತನ್ನಷ್ಟಕ್ಕೆ ಹೋಗಿ ಅವಳ ಎಡ ಭುಜ ಹಿಡಿದು ಮೆಲ್ಲಗೆ ತಿರುಗಿಸಿತು. ಹುಡುಗಿ ಕಾಣಿಸಿದಳು. ಅವಳ ಮುಖದಲ್ಲಿ ಆಗ ಒಂದು ನೋಟ ಇತ್ತು. ಅಕ್ಕನಿಗೆ ಆ ನೋಟದ ಪರಿಚಯ ಚೆನ್ನಾಗಿಯೇ ಇತ್ತು. ಎಷ್ಟೋ ಮುದುಕ ಮುದುಕಿಯರನ್ನು ಅವಳೇ ಹಾಗೆ ನೋಡಿದ್ದವಳು.

"ನಾನು ರೋಗಿ ಅಂದುಕೊಂಡೆಯಾ?" ಅಂದಳು ಅಕ್ಕ, ಇಂಗ್ಲಿಷಿನಲ್ಲಿ. "ಒಂದು ಪೆನ್ನು ಕೊಡು. ನಾನು ಎಲ್ಲರಿಗೂ ಮಾಡುತ್ತಿದ್ದ ಪರೀಕ್ಷೆಯನ್ನು ನನಗೇ ಮಾಡಿ ತೋರಿಸುತ್ತೇನೆ."

ವಯಸ್ಸಾದವರ ವಾರ್ಡಿನಲ್ಲಿ ಅದು ದಿನನಿತ್ಯದ ಪರೀಕ್ಷೆ: ಗಡಿಯಾರದ ಚಿತ್ರ ಬರೆಯಿರಿ ಅನ್ನುವುದು. ಅಕ್ಕ ನನ್ನ ಷರತ್ತುಗಳ ಹಾಳೆಯ ಹಿಂಬದಿಯಲ್ಲಿ ಒಂದು ವೃತ್ತ ಎಳೆದಳು. ಹನ್ನೆರಡು ಬರೆದಳು, ಒಂದು, ಎರಡು. ಕೈ ಸ್ಥಿರವಾಗಿತ್ತು. ಅಕ್ಷರಗಳ ಹಾಗೆ ಅಂಕಿಗಳೂ ದುಂಡಗೆ, ಚಂದ. ಆರರವರೆಗೆ ಬಲಗಡೆ ಇಳಿದಳು. ಆಮೇಲೆ ಏಳು, ಎಂಟು, ಒಂಬತ್ತು, ಹತ್ತು, ಹನ್ನೊಂದು, ಎಲ್ಲವನ್ನೂ ಅದೇ ಬಲಗಡೆಯಲ್ಲಿ, ರಶ್ಶಾದ ಬಸ್ಸಿನಲ್ಲಿ ಜನರನ್ನು ತುಂಬಿದ ಹಾಗೆ ಒಂದರ ಪಕ್ಕ ಒಂದು ತುರುಕಿದಳು. ಎಡ ಅರ್ಧ ಪೂರ್ತಿ ಖಾಲಿ. ಪೆನ್ನು ಕೆಳಗಿಟ್ಟು, ಹಾಳೆಯನ್ನು ಹುಡುಗಿಯ ಕಡೆ ಸರಿಸಿ, "ನೋಡು. ತಪ್ಪಿದೆಯಾ?" ಅಂದಳು.

ಹುಡುಗಿ ಹಾಳೆ ನೋಡಿದಳು, ನನ್ನನ್ನು ನೋಡಿದಳು. "ತುಂಬ ಚೆನ್ನಾಗಿದೆ, ಡಾಕ್ಟರ್," ಅಂದಳು. ಆಮೇಲೆ ಫೋನು ಎತ್ತಿ, ಯಾರೊಂದಿಗೋ ಬೆನ್ನು ತಿರುಗಿಸಿ ಮಾತಾಡಿದಳು. ವಾಪಸು ಬಂದು, ನೀವು ಯಾವ ಕೆಲಸವನ್ನೂ ಹುಡುಕಬೇಕಾಗಿಲ್ಲ, ಮನೆಗೆ ಹೋಗಿ, ಅಂದಳು. ಷರತ್ತುಗಳ ಹಾಳೆಯನ್ನು ನಾನು ಮಡಚಿ ಜೇಬಿಗಿಟ್ಟುಕೊಂಡೆ, ಅವಳು ವಾಪಸು ಕೇಳಲೂ ಇಲ್ಲ.

ಇಷ್ಟು ನನಗೆ ನೆನಪಿದೆ. ನೆನಪಿಲ್ಲದ್ದು ಒಂದೇ ಒಂದು. ಆ ಹಾಳೆ ಮೇಜಿನ ಎಡಗಡೆ ಇತ್ತು, ನನ್ನ ಮುಂದೆ. ಎಡಕ್ಕಿದ್ದದ್ದು ಅಕ್ಕನಿಗೆ ಕಾಣುವುದಿಲ್ಲ. ಅವಳು ಬರೆದದ್ದು ಅದರ ಮೇಲೆ. ಹಾಗಾದರೆ ಯಾರೋ ಅದನ್ನು ತಿರುವಿ ಅವಳ ಬಲಕ್ಕೆ ಸರಿಸಿರಬೇಕು. ಹುಡುಗಿ ಪ್ರಿಂಟರ್ ಬಳಿ ನಿಂತಿದ್ದಳು, ಅಥವಾ ಅಷ್ಟರಲ್ಲಿ ವಾಪಸು ಬಂದಿದ್ದಳು. ನನ್ನ ಕೈ ತಟ್ಟೆ ತಿರುಗಿಸಿ ರೂಢಿಯಾದ ಕೈ. ಅಕ್ಕನಿಗೆ ಏನು ಬೇಕೋ ಅದನ್ನು ಬಲಕ್ಕೆ ಇಡುವುದು ಅದರ ಚಾಳಿ. ಅವಳಿಗೆ ಹಾಳೆ ಬೇಕಿತ್ತು, ಇಟ್ಟಿರಬಹುದು. ಅಥವಾ ಅವಳು ಏನು ಬರೆಯುತ್ತಾಳೆಂದು ಗೊತ್ತಿದ್ದೇ ಇಟ್ಟಿರಬಹುದು. ಎರಡರ ನಡುವಿನ ವ್ಯತ್ಯಾಸವನ್ನು ನನ್ನ ಕೈಯನ್ನು ಕೇಳಿದರೆ ಅದು ಹೇಳುವುದಿಲ್ಲ.

ಸಿಟ್ಟು ಇರುವುದು ಇಲ್ಲಿ. ಇಂಥ ಪ್ರಶ್ನೆಯನ್ನು ನಾನು ನನಗೇ ಹಾಕಿಕೊಳ್ಳಬೇಕಾಗಿ ಬಂದದ್ದು ಯಾಕೆ? ಅವಳು ಬೀಳದ ಹಾಗೆ ನೋಡಿಕೊಂಡರೆ, ಅವಳು ಬೀಳುವುದಿಲ್ಲವಲ್ಲ, ನೀನು ಯಾಕೆ ಬೇಕು ಅಂತ ಕೇಳುವ ವ್ಯವಸ್ಥೆ ಇದು. ನಾನು ಬೇಕು ಅಂತ ತೋರಿಸಬೇಕಾದರೆ ನಾನು ಒಂದು ಕ್ಷಣ ಪಕ್ಕಕ್ಕೆ ಸರಿಯಬೇಕು, ಅವಳು ಅಪರಿಚಿತರ ಮುಂದೆ ಎಡವಬೇಕು. ಜೀವಮಾನವಿಡೀ ಇದೇ ದೇಶದ ಮುದುಕರ ಮಾನ ಕಾಪಾಡಿದ ಹೆಂಗಸು ಅವಳು. ಪರೀಕ್ಷೆ ಮಾಡುವಾಗ ಪರದೆ ಎಳೆದು, ನೆಂಟರನ್ನು ಹೊರಗೆ ಕಳಿಸಿ ಮಾಡುತ್ತಿದ್ದೆ ಅಂತ ಹೇಳುತ್ತಿದ್ದಳು. ಅವಳಿಗೆ ಯಾರು ಪರದೆ ಎಳೆದರು? ಆ ಹುಡುಗಿ ಎಳೆದಳು, ಒಂದು ಸುಳ್ಳು ಹೇಳಿ. ಅವಳು ದಯೆ ತೋರಿಸಿದಳು, ಸರಿ. ದಯೆ ಬಂದ ದಿನ ಸಿಗುವ, ಬಾರದ ದಿನ ಸಿಗದ ವಸ್ತುವಿಗೆ ಹಕ್ಕು ಅಂತ ಯಾಕೆ ಹೆಸರಿಡಬೇಕು? ಆ ದಿನ ಪ್ರಿಂಟರ್ ಬಲಗಡೆ ಇದ್ದಿದ್ದರೆ ನಾನು ಈಗ ಕ್ಯಾನರಿ ವಾರ್ಫ್‌ನಲ್ಲಿ ಬಂದವರಿಗೆ ಗುಡ್ ಈವ್ನಿಂಗ್ ಹೇಳುತ್ತಿದ್ದೆ.

ಬಸ್ಸಿನಲ್ಲಿ ಅಕ್ಕ ಖುಷಿಯಾಗಿದ್ದಳು.

"ಪಾಸಾದೆ ಅಲ್ಲ?"

"ಫಸ್ಟ್ ಕ್ಲಾಸ್," ಅಂದೆ.

ಕೆಲವು ದಿನಗಳ ಮೇಲೆ ಕಂಪ್ಯೂಟರಿನಲ್ಲಿ ಒಂದು ಸಾಲಿನ ಸಂದೇಶ ಬಂತು. ನೀವು ನೋಡಿಕೊಳ್ಳುವವರು ಎಂಬುದು ಖಚಿತವಾಗಿದೆ, ಪರಿಸ್ಥಿತಿ ಬದಲಾದರೆ ತಿಳಿಸಿ. ಗಡಿಯಾರದ ಮಾತು ಅದರಲ್ಲಿ ಇಲ್ಲ.

ಅದರ ಮುಂದಿನ ಭಾನುವಾರ ಮೈಸೂರಿನ ಮೇಡಂ ಊಟಕ್ಕೆ ಬಂದರು. ಅಕ್ಕನ ಬಲಕ್ಕೆ ಕೂರಿಸಿದೆ. ಬಡಿಸುತ್ತಿದ್ದಾಗ ಅಕ್ಕ ಕಥೆ ಹೇಳಲು ಶುರುಮಾಡಿದಳು.

"ಆಫೀಸಿಗೆ ಹೋಗಿದ್ವಿ. ಅಲ್ಲೊಂದು ಹುಡಿಗಿ. ಪಾಪ, ಇವಗ ಗಡಿಯಾರ ಬರಿ ಅಂದ್ಲು. ಇಂವ ಅರ್ಧಾನಽ ಬರದ! ಎಲ್ಲಾ ಅಂಕಿ ಒಂದಽ ಕಡೆ. ನಾ ಏನೂ ಅನ್ನಲಿಲ್ಲ, ಮಂದಿ ಮುಂದ ಯಾಕ. ಅದಕ್ಕಽ ರೊಕ್ಕ ಕೊಡ್ತಾರ ಇವಗ ಈಗ."

ಮೇಡಂ ಚಮಚ ಕೆಳಗಿಟ್ಟು ನನ್ನನ್ನು ನೋಡಿದರು. ಅರ್ಧ ಬರೆದ ಗಡಿಯಾರ ಅಂದರೆ ಏನೆಂದು ಅವರಿಗೂ ಗೊತ್ತು. ಅದು ಯಾರದ್ದೆಂದೂ ಗೊತ್ತಾಗಿರಬೇಕು.

"ಹೌದಾ?" ಅಂದರು ಮೆಲ್ಲಗೆ.

ಆ ಹಾಳೆ ಮಹಡಿಯ ಮೇಲೆ ನನ್ನ ಕೋಣೆಯಲ್ಲಿತ್ತು. ತಂದು ತೋರಿಸಿದ್ದರೆ ಆಗುತ್ತಿತ್ತು. ದುಂಡನೆಯ ಅಂಕಿಗಳು ಯಾರವೆಂದು ನೋಡಿದವರಿಗೆಲ್ಲ ತಿಳಿಯುತ್ತದೆ. ಒಂದು ಸಲ ತೋರಿಸಿದ್ದೇ ಸಾಕು ಅನ್ನಿಸಿತು.

"ಹೌದು ಮೇಡಂ," ಅಂದೆ. "ನಂಗೆ ಬರೆಯಕ್ಕೆ ಬರಲಿಲ್ಲ."

"ಓದಿದ್ದು ಜಾಸ್ತಿ ಆತು ಇವಗ," ಅಂದಳು ಅಕ್ಕ. ಅನ್ನ, ಪಲ್ಯ ಮುಗಿಸಿ, ತಟ್ಟೆ ಹಿಂದಕ್ಕೆ ತಳ್ಳಿದಳು. "ಆತಪಾ. ಹೊಟ್ಟಿ ತುಂಬಲಿಲ್ಲ, ಆದ್ರ ಇಷ್ಟಽ ಮಾಡಿದ್ರ ಏನ್ ಮಾಡೂದು."

ನಾನು ತಟ್ಟೆ ತಿರುಗಿಸಿದೆ.

"ಅಽ! ಕೋಸಂಬರೀನೂ ಮಾಡೀಯೇನೋ?"